ಹೃದಯ ಸಿ.ಟಿ. ಚಿತ್ರಣ ಮತ್ತು ಪರಿಧಮನಿ ರೋಗದ ಅಪಾಯ ನಿರ್ಣಯ: ಬಳ್ಳಾರಿ ಪ್ರದೇಶದ ಹಿನ್ನೆಲೆಯಲ್ಲಿ ಒಂದು ಐತಿಹಾಸಿಕ ಅವಲೋಕನ

ಪೀಠಿಕೆ

ವೈದ್ಯಕೀಯದ ಇತಿಹಾಸವನ್ನು ಸಾಮಾನ್ಯವಾಗಿ ಔಷಧಿಗಳ ಇತಿಹಾಸವಾಗಿ, ಆಸ್ಪತ್ರೆಗಳ ಇತಿಹಾಸವಾಗಿ ಅಥವಾ ಸಾಂಕ್ರಾಮಿಕ ರೋಗಗಳ ಇತಿಹಾಸವಾಗಿ ಬರೆಯುವ ಪರಿಪಾಠವಿದೆ. ರೋಗವನ್ನು ಕಾಣುವ ವಿಧಾನಗಳಿಗೂ ತಮ್ಮದೇ ಆದ ಇತಿಹಾಸವಿದೆ ಎಂಬ ಅಂಶದ ಕಡೆಗೆ ವಿದ್ವಾಂಸರ ಗಮನ ಹರಿದಿರುವುದು ಕಡಿಮೆ. ಹೃದಯದ ಸ್ನಾಯುಗಳಿಗೆ ರಕ್ತವನ್ನು ಒದಗಿಸುವ ಪರಿಧಮನಿಗಳ ರೋಗವು ಈ ದೃಷ್ಟಿಯಿಂದ ವಿಶಿಷ್ಟವಾದುದು. ಅದು ದಶಕಗಳ ಕಾಲ ಯಾವ ಲಕ್ಷಣವನ್ನೂ ತೋರದೆ ಧಮನಿಯ ಗೋಡೆಯೊಳಗೆ ಬೆಳೆಯುತ್ತದೆ. ಅನೇಕರಲ್ಲಿ ಅದರ ಮೊದಲ ಲಕ್ಷಣವೇ ಹೃದಯಾಘಾತ. ಆದುದರಿಂದ ಲಕ್ಷಣ ಕಾಣಿಸುವುದಕ್ಕೆ ಮೊದಲೇ ಅಪಾಯವನ್ನು ಅಳೆಯುವುದು ಹೇಗೆ ಎಂಬ ಪ್ರಶ್ನೆ ಇಪ್ಪತ್ತನೆಯ ಶತಮಾನದ ಉತ್ತರಾರ್ಧದ ವೈದ್ಯಕೀಯವನ್ನು ಬಹುವಾಗಿ ಕಾಡಿತು. ಈ ಪ್ರಶ್ನೆಗೆ ದೊರೆತ ಉತ್ತರಗಳಲ್ಲಿ ಹೃದಯದ ಸಿ.ಟಿ. ಚಿತ್ರಣವೂ ಒಂದು.

ಈ ವಿಧಾನದ ಬೆಳವಣಿಗೆಯನ್ನು ಗುರುತಿಸಿ, ಬಳ್ಳಾರಿ ನಗರ, ಸಿರುಗುಪ್ಪ ಮತ್ತು ಕುರುಗೋಡುಗಳನ್ನೊಳಗೊಂಡ ಪ್ರದೇಶದ ಆರೋಗ್ಯ ಚರಿತ್ರೆಯಲ್ಲಿ ಅದಕ್ಕೆ ಸಲ್ಲಬೇಕಾದ ಸ್ಥಾನವಾವುದು ಎಂಬುದನ್ನು ವಿವೇಚಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶವಾಗಿದೆ. ಸಿರುಗುಪ್ಪವು ಬಳ್ಳಾರಿಯಿಂದ ಸುಮಾರು 55 ಕಿ.ಮೀ. ದೂರದಲ್ಲಿ ತುಂಗಭದ್ರೆಯ ಬಯಲಿನಲ್ಲಿದೆ. ದೊಡ್ಡಬಸವೇಶ್ವರ ದೇವಾಲಯದಿಂದ ಪ್ರಸಿದ್ಧವಾದ ಕುರುಗೋಡು 30 ಕಿ.ಮೀ.ಗಳ ಒಳಗಿದ್ದು, ಈಚಿನ ವರ್ಷಗಳಲ್ಲಿ ಪ್ರತ್ಯೇಕ ತಾಲ್ಲೂಕಾಗಿದೆ. ನಗರ, ನೀರಾವರಿಯ ಪಟ್ಟಣ ಮತ್ತು ಹೊಸ ತಾಲ್ಲೂಕು ಕೇಂದ್ರ ಎಂಬ ಈ ಮೂರು ನೆಲೆಗಳು ಒಂದೇ ತಂತ್ರಜ್ಞಾನವು ಮೂರು ಬಗೆಯ ಜನಜೀವನವನ್ನು ಎದುರುಗೊಳ್ಳುವ ರೀತಿಯನ್ನು ಅರಿಯಲು ನೆರವಾಗುತ್ತವೆ.

ಸುಣ್ಣಗಟ್ಟಿದ ಧಮನಿ: ಶವಪರೀಕ್ಷೆಯಿಂದ ಆಂಜಿಯೋಗ್ರಾಮ್‌ವರೆಗೆ

ನಡೆಯುವಾಗ ಎದೆಯನ್ನು ಹಿಂಡಿದಂತಾಗಿ, ನಿಂತೊಡನೆ ಶಮನವಾಗುವ ನೋವನ್ನು ಇಂಗ್ಲೆಂಡಿನ ವೈದ್ಯ ವಿಲಿಯಂ ಹೆಬರ್ಡನ್ 1768ರಲ್ಲಿ ವಿದ್ವತ್ಸಭೆಯೊಂದರಲ್ಲಿ ವಿವರಿಸಿದನು. ಆ ನೋವಿಗೂ ಪರಿಧಮನಿಗೂ ಇರುವ ಸಂಬಂಧ ಅವನಿಗೆ ತಿಳಿದಿರಲಿಲ್ಲ. ಸಿಡುಬಿನ ಲಸಿಕೆಯಿಂದ ಲೋಕವಿಖ್ಯಾತನಾದ ಎಡ್ವರ್ಡ್ ಜೆನ್ನರ್ ಈ ಸಂಬಂಧವನ್ನು ಮೊದಲು ಊಹಿಸಿದವರಲ್ಲಿ ಒಬ್ಬನು. ಶವಪರೀಕ್ಷೆಯೊಂದರಲ್ಲಿ ಹೃದಯವನ್ನು ಕೊಯ್ಯುತ್ತಿದ್ದಾಗ ಅವನ ಕತ್ತಿಯ ಅಲಗು ಗಟ್ಟಿಯಾದ, ಮರಳಿನಂಥ ವಸ್ತುವಿಗೆ ತಗುಲಿತು. ಮೇಲ್ಛಾವಣಿಯ ಗಾರೆ ಉದುರಿ ಬಿದ್ದಿರಬಹುದೆಂದು ಅವನು ತಲೆಯೆತ್ತಿ ನೋಡಿದನಂತೆ. ಆದರೆ ಸುಣ್ಣಗಟ್ಟಿದ್ದುದು ಪರಿಧಮನಿಯೇ ಆಗಿತ್ತು. ಜೆನ್ನರನ ಸ್ನೇಹಿತನಾದ ಕೇಲೆಬ್ ಪ್ಯಾರಿ 1799ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಪ್ರಸಂಗ ದಾಖಲಾಗಿದೆ. ಇಂದಿನ ಸಿ.ಟಿ. ಯಂತ್ರವು ಬದುಕಿರುವ ಮನುಷ್ಯನಲ್ಲಿ ಎಣಿಸುವ ಸುಣ್ಣದಂಶವು ಅಂದು ಕತ್ತಿಯ ಅಲಗಿಗೆ ತಗುಲಿದ ವಸ್ತುವೇ ಆಗಿದೆ.

1895ರಲ್ಲಿ ರಾಂಟ್‌ಜೆನ್ ಕ್ಷ-ಕಿರಣಗಳನ್ನು ಕಂಡುಹಿಡಿದನು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಐಂಥೋವನ್ ರೂಪಿಸಿದ ಇ.ಸಿ.ಜಿ. ಯಂತ್ರವು ಹೃದಯದ ವಿದ್ಯುತ್ ಚಲನೆಯನ್ನು ಕಾಗದದ ಮೇಲೆ ಮೂಡಿಸಿತು. ಪರಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿದರೂ ರೋಗಿ ಬದುಕುಳಿಯಬಹುದು, ಬದುಕಿರುವಾಗಲೇ ರೋಗವನ್ನು ಗುರುತಿಸಬಹುದು ಎಂದು ಅಮೆರಿಕದ ಜೇಮ್ಸ್ ಹೆರಿಕ್ 1912ರಲ್ಲಿ ಪ್ರತಿಪಾದಿಸಿದನು. ಆದರೆ ಇ.ಸಿ.ಜಿ. ತೋರಿಸುತ್ತಿದ್ದುದು ಹಾನಿಗೊಂಡ ಸ್ನಾಯುವನ್ನೇ ಹೊರತು ಹಾನಿಗೆ ಕಾರಣವಾದ ಧಮನಿಯನ್ನಲ್ಲ. 1958ರಲ್ಲಿ ಕ್ಲೀವ್‌ಲ್ಯಾಂಡಿನ ಮೇಸನ್ ಸೋನ್ಸ್ ತೆಳುವಾದ ನಳಿಕೆಯ ಮೂಲಕ ಪರಿಧಮನಿಗೇ ವರ್ಣದ್ರವವನ್ನು ಹಾಯಿಸಿ ಚಿತ್ರ ತೆಗೆದ ಮೇಲೆ ಧಮನಿಯ ಒಳದಾರಿ ಕಣ್ಣಿಗೆ ಬಿದ್ದಿತು. ಈ ಆಂಜಿಯೋಗ್ರಾಮ್ ವಿಧಾನವೇ ಮುಂದೆ ಬೈಪಾಸ್ ಶಸ್ತ್ರಕ್ರಿಯೆಗೂ, 1977ರಲ್ಲಿ ಗ್ರುಂಟ್ಸಿಗ್ ಆರಂಭಿಸಿದ ಬಲೂನ್ ಚಿಕಿತ್ಸೆಗೂ ತಳಹದಿಯಾಯಿತು.

ಆಂಜಿಯೋಗ್ರಾಮ್‌ಗೂ ಒಂದು ಮಿತಿಯಿದ್ದಿತು. ಅದು ರಕ್ತ ಹರಿಯುವ ದಾರಿಯ ನೆರಳನ್ನು ತೋರುತ್ತದೆ, ಗೋಡೆಯನ್ನು ತೋರುವುದಿಲ್ಲ. ಗೋಡೆಯಲ್ಲಿ ಕೊಬ್ಬು ಶೇಖರವಾದಂತೆ ಧಮನಿಯು ಹೊರಮುಖವಾಗಿ ಹಿಗ್ಗಿ, ಬಹುಕಾಲ ಒಳದಾರಿಯನ್ನು ಕಾಪಾಡಿಕೊಳ್ಳುತ್ತದೆ ಎಂಬುದನ್ನು 1987ರಲ್ಲಿ ಗ್ಲಾಗೋವ್ ಮತ್ತು ಸಂಗಡಿಗರು ತೋರಿಸಿಕೊಟ್ಟರು. ದಾರಿ ಕಿರಿದಾಗಿಲ್ಲವೆಂದ ಮಾತ್ರಕ್ಕೆ ರೋಗವಿಲ್ಲವೆಂದು ಹೇಳಲಾಗದು ಎಂಬುದು ಇದರಿಂದ ಸ್ಪಷ್ಟವಾಯಿತು. ಹೀಗೆ ಗೋಡೆಯೊಳಗಿನ ರೋಗವನ್ನು ಕಾಣುವ ಬೇರೊಂದು ವಿಧಾನದ ಅಗತ್ಯ ಉಂಟಾಯಿತು.

ಅಪಾಯದ ಲೆಕ್ಕಾಚಾರ ಮತ್ತು ಅದರ ಮೂಲನೆಲೆ

ಅದೇ ಕಾಲದಲ್ಲಿ ಮತ್ತೊಂದು ಪರಂಪರೆ ಬೆಳೆಯುತ್ತಿತ್ತು. 1948ರಲ್ಲಿ ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಪಟ್ಟಣದಲ್ಲಿ ಆರಂಭವಾದ ಅಧ್ಯಯನವು ಅಲ್ಲಿನ ನಿವಾಸಿಗಳನ್ನು ದಶಕಗಟ್ಟಲೆ ಹಿಂಬಾಲಿಸಿ, ರಕ್ತದೊತ್ತಡ, ಕೊಲೆಸ್ಟರಾಲ್, ಧೂಮಪಾನ, ಮಧುಮೇಹ, ವಯಸ್ಸು ಮುಂತಾದವುಗಳಿಂದ ಹೃದಯರೋಗದ ಸಂಭವವನ್ನು ಲೆಕ್ಕ ಹಾಕುವ ಕ್ರಮವನ್ನು ರೂಪಿಸಿತು. ಮುಂದಿನ ಹತ್ತು ವರ್ಷಗಳಲ್ಲಿ ಒಬ್ಬ ವ್ಯಕ್ತಿಗೆ ಹೃದಯಾಘಾತವಾಗುವ ಸಂಭವ ಶೇಕಡ ಎಷ್ಟು ಎಂದು ಹೇಳುವ ಕೋಷ್ಟಕಗಳು ಈ ಬಗೆಯ ಅಧ್ಯಯನಗಳಿಂದಲೇ ಹುಟ್ಟಿದವು.

ಈ ಕೋಷ್ಟಕಗಳು ಹುಟ್ಟಿದ ನೆಲೆ ಅಮೆರಿಕದ ಬಿಳಿಯರ ಒಂದು ಪಟ್ಟಣ. ಅವು ಭಾರತೀಯರಿಗೆ ಎಷ್ಟರಮಟ್ಟಿಗೆ ಅನ್ವಯಿಸುತ್ತವೆ ಎಂಬ ಪ್ರಶ್ನೆಯನ್ನು ಎತ್ತಿದ ಮೊದಲಿಗರಲ್ಲಿ ಕರ್ನಾಟಕದ ಸಂಶೋಧಕರೂ ಸೇರಿದ್ದಾರೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಪ್ರೇಮ್ ಪೈಸ್ ಮತ್ತು ಸಂಗಡಿಗರು 1996ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹೃದಯಾಘಾತಕ್ಕೊಳಗಾದ 200 ಮಂದಿಯನ್ನು ಅಷ್ಟೇ ಸಂಖ್ಯೆಯ ಇತರರೊಂದಿಗೆ ಹೋಲಿಸಲಾಯಿತು. ಧೂಮಪಾನ, ರಕ್ತದೊತ್ತಡ, ರಕ್ತದ ಸಕ್ಕರೆ ಹಾಗೂ ಹೊಟ್ಟೆಯ ಸುತ್ತಲಿನ ಕೊಬ್ಬು ಇಲ್ಲಿ ಪ್ರಧಾನ ಕಾರಣಗಳಾಗಿ ಕಂಡುಬಂದವು. 52 ದೇಶಗಳಲ್ಲಿ ನಡೆದು 2004ರಲ್ಲಿ ಪ್ರಕಟವಾದ ಇಂಟರ್‌ಹಾರ್ಟ್ ಅಧ್ಯಯನವು ಕಾರಣಗಳು ಲೋಕದ ಎಲ್ಲೆಡೆಯೂ ಬಹುಮಟ್ಟಿಗೆ ಒಂದೇ ಎಂದು ತೋರಿಸಿತು. ಆದರೆ ಅದೇ ಅಧ್ಯಯನದ ಆಧಾರದಿಂದ 2007ರಲ್ಲಿ ಹೊರಬಂದ ವಿಶ್ಲೇಷಣೆಯ ಪ್ರಕಾರ ಮೊದಲ ಹೃದಯಾಘಾತದ ಮಧ್ಯಮ ವಯಸ್ಸು ದಕ್ಷಿಣ ಏಷ್ಯಾದಲ್ಲಿ 53 ವರ್ಷ; ಇತರೆಡೆ ಸುಮಾರು 59 ವರ್ಷ. ಕಾರಣಗಳು ಬೇರೆಯಲ್ಲ, ಅವು ಇಲ್ಲಿ ಬೇಗನೆ ಬಂದೆರಗುತ್ತವೆ ಎಂಬುದು ಇದರ ತಾತ್ಪರ್ಯ. ವಯಸ್ಸಿಗೆ ಹೆಚ್ಚಿನ ತೂಕ ಕೊಡುವ ಕೋಷ್ಟಕವು 42 ವರ್ಷದ ವ್ಯಕ್ತಿಯನ್ನು 'ಕಡಿಮೆ ಅಪಾಯ'ದ ಗುಂಪಿಗೆ ಸೇರಿಸಿಬಿಡುವ ಸಂಭವ ಈ ನಾಡಿನಲ್ಲಿ ಹೆಚ್ಚು.

ಸಿ.ಟಿ. ಚಿತ್ರಣದ ಉಗಮ ಮತ್ತು ಹೃದಯಕ್ಕೆ ಅದರ ಅನ್ವಯ

1971ರ ಅಕ್ಟೋಬರ್ 1ರಂದು ಲಂಡನ್ನಿನ ಅಟ್ಕಿನ್ಸನ್ ಮಾರ್ಲಿ ಆಸ್ಪತ್ರೆಯಲ್ಲಿ ಗಾಡ್‌ಫ್ರೆ ಹೌನ್ಸ್‌ಫೀಲ್ಡ್ ರೂಪಿಸಿದ ಯಂತ್ರದಿಂದ ರೋಗಿಯೊಬ್ಬರ ಮಿದುಳಿನ ಚಿತ್ರವನ್ನು ಮೊದಲ ಬಾರಿಗೆ ತೆಗೆಯಲಾಯಿತು. ದೇಹದ ಸುತ್ತಲೂ ಹಲವು ಕೋನಗಳಿಂದ ಕ್ಷ-ಕಿರಣಗಳನ್ನು ಹಾಯಿಸಿ, ಅವು ಎಷ್ಟು ಕ್ಷೀಣಿಸಿದವೆಂಬುದನ್ನು ಅಳೆದು, ಗಣಕಯಂತ್ರದ ನೆರವಿನಿಂದ ದೇಹದ ಅಡ್ಡಸೀಳಿಕೆಯನ್ನು ಮರುನಿರ್ಮಿಸುವುದು ಈ ವಿಧಾನದ ತಿರುಳು. ಇದಕ್ಕಾಗಿ ಹೌನ್ಸ್‌ಫೀಲ್ಡ್ ಮತ್ತು ಗಣಿತದ ತಳಹದಿಯನ್ನು ಹಾಕಿಕೊಟ್ಟ ಅಲನ್ ಕಾರ್ಮ್ಯಾಕ್ 1979ರಲ್ಲಿ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡರು. ಅಂಗಾಂಶಗಳ ಸಾಂದ್ರತೆಯನ್ನು ಸೂಚಿಸುವ ಹೌನ್ಸ್‌ಫೀಲ್ಡ್ ಮಾನದಲ್ಲಿ ನೀರಿಗೆ ಸೊನ್ನೆ, ಗಾಳಿಗೆ ಋಣ 1000 ಬೆಲೆಯಿದೆ.

ಮಿದುಳು ನಿಶ್ಚಲವಾದುದು, ಹೃದಯವು ನಿಮಿಷಕ್ಕೆ ಎಪ್ಪತ್ತರಷ್ಟು ಬಾರಿ ಮಿಡಿಯುತ್ತದೆ. ಒಂದು ಸೀಳಿಕೆಗೆ ನಿಮಿಷಗಳನ್ನೇ ತೆಗೆದುಕೊಳ್ಳುತ್ತಿದ್ದ ಆರಂಭದ ಯಂತ್ರಗಳಿಗೆ ಹೃದಯವು ಮಸುಕಾದ ಕಲೆಯಾಗಿಯೇ ಉಳಿಯಿತು. 1980ರ ದಶಕದಲ್ಲಿ ಡಗ್ಲಾಸ್ ಬಾಯ್ಡ್ ಮತ್ತು ಸಂಗಡಿಗರು ಅಭಿವೃದ್ಧಿಪಡಿಸಿದ ಎಲೆಕ್ಟ್ರಾನ್ ಕಿರಣದ ಸಿ.ಟಿ. ಯಂತ್ರವು ಈ ತೊಡಕನ್ನು ನಿವಾರಿಸಿತು. ಯಂತ್ರದ ಕೊಳವೆಯನ್ನು ಸುತ್ತಿಸುವ ಬದಲು ಎಲೆಕ್ಟ್ರಾನ್ ಕಿರಣವನ್ನೇ ತಿರುಗಿಸಿ, ಸೆಕೆಂಡಿನ ಹತ್ತನೆಯ ಒಂದು ಭಾಗದಷ್ಟು ಅವಧಿಯಲ್ಲಿ ಚಿತ್ರ ತೆಗೆಯುವುದು ಸಾಧ್ಯವಾಯಿತು. ಇದನ್ನು ಬಳಸಿ ಆರ್ಥರ್ ಅಗಾಟ್‌ಸ್ಟನ್, ವಾರನ್ ಜಾನೊವಿಟ್ಜ್ ಮತ್ತು ಸಂಗಡಿಗರು 584 ಜನರನ್ನು ಪರೀಕ್ಷಿಸಿ, 1990ರಲ್ಲಿ ಕ್ಯಾಲ್ಸಿಯಂ ಅಂಕದ ಪದ್ಧತಿಯನ್ನು ಪ್ರಕಟಿಸಿದರು.

ಈ ಅಂಕದ ಲೆಕ್ಕ ಸರಳವಾದುದು. ಪರಿಧಮನಿಯಲ್ಲಿ 130 ಹೌನ್ಸ್‌ಫೀಲ್ಡ್ ಮಾನಕ್ಕಿಂತ ಹೆಚ್ಚು ಸಾಂದ್ರತೆಯುಳ್ಳ ಪ್ರತಿಯೊಂದು ಚುಕ್ಕೆಯ ವಿಸ್ತೀರ್ಣವನ್ನು ಚದರ ಮಿಲಿಮೀಟರಿನಲ್ಲಿ ಅಳೆದು, ಅದರ ಗರಿಷ್ಠ ಸಾಂದ್ರತೆಗೆ ತಕ್ಕಂತೆ ಒಂದರಿಂದ ನಾಲ್ಕರವರೆಗಿನ ಗುಣಕದಿಂದ ಗುಣಿಸಲಾಗುತ್ತದೆ. ಆರು ಚದರ ಮಿಲಿಮೀಟರ್ ವಿಸ್ತೀರ್ಣದ, 320 ಮಾನದ ಚುಕ್ಕೆಗೆ ಗುಣಕ ಮೂರು, ಅಂಕ ಹದಿನೆಂಟು. ಎಲ್ಲ ಚುಕ್ಕೆಗಳ ಅಂಕಗಳನ್ನು ಕೂಡಿಸಿದಾಗ ಒಟ್ಟು ಅಂಕ ದೊರೆಯುತ್ತದೆ. ಸೊನ್ನೆ, 1ರಿಂದ 100, 101ರಿಂದ 400 ಹಾಗೂ 400ಕ್ಕೂ ಮೇಲೆ ಎಂಬ ವಿಭಾಗಗಳು ಬಳಕೆಯಲ್ಲಿವೆ. ಇದಕ್ಕೆ ಚುಚ್ಚುಮದ್ದಾಗಲಿ ವರ್ಣದ್ರವವಾಗಲಿ ಬೇಕಿಲ್ಲ. ಉಸಿರು ಬಿಗಿಹಿಡಿದು ಕೆಲವು ಸೆಕೆಂಡು ಮಲಗಿದರೆ ಸಾಕು. ವಿಕಿರಣದ ಪ್ರಮಾಣ ಸುಮಾರು ಒಂದು ಮಿಲಿಸೀವರ್ಟ್.

1998ರಿಂದ ಒಂದೇ ಸುತ್ತಿನಲ್ಲಿ ಹಲವು ಸೀಳಿಕೆಗಳನ್ನು ತೆಗೆಯುವ ಯಂತ್ರಗಳು ಬಂದವು. 2004ರ ಸುಮಾರಿಗೆ ಬಂದ 64 ಸ್ಲೈಸ್ ಯಂತ್ರವು ಸಿ.ಟಿ. ಆಂಜಿಯೋಗ್ರಾಮನ್ನು ದಿನಬಳಕೆಯ ಪರೀಕ್ಷೆಯನ್ನಾಗಿಸಿತು. ಇದರಲ್ಲಿ ಕೈಯ ರಕ್ತನಾಳದ ಮೂಲಕ ಅಯೋಡಿನ್ ಉಳ್ಳ ವರ್ಣದ್ರವವನ್ನು ಕೊಟ್ಟು, ಹೃದಯದ ಮಿಡಿತವನ್ನು ಔಷಧಿಯಿಂದ ನಿಮಿಷಕ್ಕೆ ಅರವತ್ತರ ಆಸುಪಾಸಿಗೆ ಇಳಿಸಿ, ಇ.ಸಿ.ಜಿ.ಗೆ ಹೊಂದಿಸಿಕೊಂಡು ಚಿತ್ರ ತೆಗೆಯಲಾಗುತ್ತದೆ. ಧಮನಿಯ ಒಳದಾರಿಯೊಂದಿಗೆ ಅದರ ಗೋಡೆಯೂ, ಸುಣ್ಣಗಟ್ಟದ ಮೃದುವಾದ ಕೊಬ್ಬಿನ ಶೇಖರವೂ ಕಾಣುವುದು ಇದರ ಹೆಚ್ಚುಗಾರಿಕೆ. 2007ರಲ್ಲಿ ಅನೇಕ ದೇಶಗಳಲ್ಲಿ ನಡೆದ ಸಮೀಕ್ಷೆಯಲ್ಲಿ ಈ ಪರೀಕ್ಷೆಯ ವಿಕಿರಣ ಪ್ರಮಾಣ ಸುಮಾರು 12 ಮಿಲಿಸೀವರ್ಟ್ ಇದ್ದಿತು. 2017ರ ಸಮೀಕ್ಷೆಯ ಹೊತ್ತಿಗೆ ಅದು ನಾಲ್ಕನೆಯ ಒಂದು ಭಾಗಕ್ಕಿಂತ ಕಡಿಮೆಯಾಗಿತ್ತು.

ಚಿತ್ರದ ಸಾಕ್ಷ್ಯ ಮತ್ತು ಅದರ ಮಿತಿ

ಕ್ಯಾಲ್ಸಿಯಂ ಅಂಕವು ಭವಿಷ್ಯದ ಹೃದಯಾಘಾತವನ್ನು ನಿಜಕ್ಕೂ ಸೂಚಿಸುತ್ತದೆಯೇ? 2000ದಲ್ಲಿ ಅಮೆರಿಕದಲ್ಲಿ ಆರಂಭವಾದ ಮೆಸಾ ಅಧ್ಯಯನವು 45ರಿಂದ 84 ವಯಸ್ಸಿನ 6814 ಮಂದಿಯನ್ನು ಒಳಗೊಂಡಿತು. ಅದರ ಆಧಾರದಿಂದ 2008ರಲ್ಲಿ ಪ್ರಕಟವಾದ ಫಲಿತಾಂಶಗಳು, ಹಳೆಯ ಕೋಷ್ಟಕಗಳು ಹೇಳುವುದಕ್ಕಿಂತ ಹೆಚ್ಚಿನ ಮಾಹಿತಿಯನ್ನು ಈ ಅಂಕ ನೀಡುತ್ತದೆಂಬುದನ್ನು ಸ್ಥಿರಪಡಿಸಿದವು. ಬಿಳಿಯರು, ಆಫ್ರಿಕನ್ ಅಮೆರಿಕನ್ನರು, ಹಿಸ್ಪಾನಿಕರು ಮತ್ತು ಚೀನೀ ಮೂಲದವರು ಈ ಅಧ್ಯಯನದಲ್ಲಿದ್ದರು. ಭಾರತೀಯ ಮೂಲದವರ ಗುಂಪು ಇರಲಿಲ್ಲ. ಈ ಕೊರತೆಯನ್ನು ತುಂಬಲು 2010ರಲ್ಲಿ ಮಸಾಲಾ ಎಂಬ ಅಧ್ಯಯನವು ಸ್ಯಾನ್ ಫ್ರಾನ್ಸಿಸ್ಕೋ ಮತ್ತು ಶಿಕಾಗೋ ಪ್ರದೇಶಗಳ 906 ದಕ್ಷಿಣ ಏಷ್ಯನ್ನರೊಂದಿಗೆ ಆರಂಭವಾಯಿತು. ದಕ್ಷಿಣ ಏಷ್ಯಾದ ಪುರುಷರಲ್ಲಿ ಸುಣ್ಣದಂಶವು ಬಿಳಿಯ ಪುರುಷರಷ್ಟೇ ಇದೆಯೆಂದೂ, ಉಳಿದ ಗುಂಪುಗಳ ಪುರುಷರಿಗಿಂತ ಹೆಚ್ಚೆಂದೂ ಅದರಿಂದ ತಿಳಿದುಬಂದಿತು. ಅಲ್ಲಿ ನೆಲೆಸಿದ ವಿದ್ಯಾವಂತ ವಲಸಿಗರ ಅಂಕಗಳು ಸಿರುಗುಪ್ಪದ ಗದ್ದೆಯ ಕೂಲಿಕಾರರಿಗೆ ಯಥಾವತ್ತಾಗಿ ಅನ್ವಯಿಸುತ್ತವೆಂದು ಭಾವಿಸಲು ಆಧಾರಗಳಿಲ್ಲ ಎಂಬುದನ್ನೂ ಇಲ್ಲಿ ಗಮನಿಸಬೇಕು.

ಎದೆನೋವಿನಿಂದ ಬಂದ ರೋಗಿಗಳ ವಿಷಯದಲ್ಲಿ ಸ್ಕಾಟ್ಲೆಂಡಿನ ಸ್ಕಾಟ್-ಹಾರ್ಟ್ ಅಧ್ಯಯನವು ಮಹತ್ವದ್ದು. 12 ಕೇಂದ್ರಗಳ 4146 ರೋಗಿಗಳಲ್ಲಿ ಒಂದು ಗುಂಪಿಗೆ ಸಾಮಾನ್ಯ ಚಿಕಿತ್ಸಾಕ್ರಮದೊಂದಿಗೆ ಸಿ.ಟಿ. ಆಂಜಿಯೋಗ್ರಾಮ್ ಮಾಡಲಾಯಿತು. 2018ರಲ್ಲಿ ಪ್ರಕಟವಾದ ಐದು ವರ್ಷಗಳ ಫಲಿತಾಂಶದಲ್ಲಿ ಪರಿಧಮನಿ ರೋಗದಿಂದ ಮರಣ ಅಥವಾ ಹೃದಯಾಘಾತವು ಸಿ.ಟಿ. ಗುಂಪಿನಲ್ಲಿ ಶೇ. 2.3, ಇನ್ನೊಂದರಲ್ಲಿ ಶೇ. 3.9 ಇದ್ದಿತು. ಈ ವ್ಯತ್ಯಾಸಕ್ಕೆ ಬಹುಮಟ್ಟಿಗೆ ಕಾರಣವಾದುದು ಹೆಚ್ಚಿನ ಶಸ್ತ್ರಕ್ರಿಯೆಯಲ್ಲ. ಚಿತ್ರದಲ್ಲಿ ರೋಗ ಕಂಡವರಿಗೆ ಕೊಲೆಸ್ಟರಾಲ್ ತಗ್ಗಿಸುವ ಸ್ಟಾಟಿನ್ ಮೊದಲಾದ ಸಾಮಾನ್ಯ ಮಾತ್ರೆಗಳು ಸಕಾಲದಲ್ಲಿ ದೊರೆತವು. ಚಿತ್ರವು ತಾನಾಗಿ ಯಾರನ್ನೂ ಉಳಿಸದು. ಅದರ ಬೆನ್ನಿಗೆ ಬರುವ ಮಾತ್ರೆ ಉಳಿಸುತ್ತದೆ ಎಂಬುದು ಇದರಿಂದ ವಿದಿತವಾಗುತ್ತದೆ.

ಇದಕ್ಕೆ ಪ್ರತಿಯಾಗಿ, ಲಕ್ಷಣಗಳಿಲ್ಲದವರನ್ನು ಸಾಮೂಹಿಕವಾಗಿ ಪರೀಕ್ಷಿಸುವ ಪ್ರಯೋಗವು ಡೆನ್ಮಾರ್ಕಿನಲ್ಲಿ 65ರಿಂದ 74 ವಯಸ್ಸಿನ 46,000ಕ್ಕೂ ಹೆಚ್ಚು ಪುರುಷರ ನಡುವೆ ನಡೆಯಿತು. ಸಿ.ಟಿ.ಯನ್ನೂ ಒಳಗೊಂಡ ತಪಾಸಣೆಗೆ ಆಹ್ವಾನಿತರಾದವರ ಮರಣಪ್ರಮಾಣವು ಐದು ವರ್ಷಗಳ ತರುವಾಯ ಖಚಿತವೆನ್ನುವಷ್ಟು ಇಳಿದಿರಲಿಲ್ಲವೆಂದು 2022ರಲ್ಲಿ ವರದಿಯಾಯಿತು. ಆದುದರಿಂದ ಎಲ್ಲರಿಗೂ ಸಿ.ಟಿ. ಎಂಬ ವಾದಕ್ಕೆ ಬಲವಿಲ್ಲ. 2018ರ ಅಮೆರಿಕದ ಮಾರ್ಗಸೂಚಿಯು ಮಾತ್ರೆ ಬೇಕೋ ಬೇಡವೋ ಎಂಬ ಸಂದಿಗ್ಧವಿರುವ ಮಧ್ಯಮ ಅಪಾಯದವರಿಗೆ ಮಾತ್ರ ಕ್ಯಾಲ್ಸಿಯಂ ಅಂಕವನ್ನು ಸೂಚಿಸುತ್ತದೆ. ಅಂಕ ಸೊನ್ನೆಯಾಗಿದ್ದರೆ ಮಾತ್ರೆಯನ್ನು ಮುಂದೂಡಬಹುದು; ಆದರೆ ಮಧುಮೇಹಿಗಳು, ಧೂಮಪಾನಿಗಳು ಮತ್ತು ಎಳವೆಯಲ್ಲೇ ಹೃದಯಾಘಾತವಾದವರ ಕುಟುಂಬದವರು ಇದಕ್ಕೆ ಅಪವಾದ. ಕೊಬ್ಬಿನ ಶೇಖರವು ಸುಣ್ಣಗಟ್ಟಲು ವರ್ಷಗಳು ಬೇಕು. ನಲವತ್ತರ ಒಳಗಿನವರಲ್ಲಿ ಸೊನ್ನೆ ಅಂಕವು ರೋಗವಿಲ್ಲವೆಂಬುದಕ್ಕೆ ಪ್ರಮಾಣವಾಗಲಾರದು. ಹೃದಯಾಘಾತವು ಬೇಗನೆ ಬರುವ ನಾಡಿನಲ್ಲಿ ಈ ಎಚ್ಚರಿಕೆಗೆ ವಿಶೇಷ ಮಹತ್ವವಿದೆ.

ಬಳ್ಳಾರಿ ಪ್ರದೇಶದ ಜನಜೀವನದಲ್ಲಿ ಪಲ್ಲಟ

2013ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಈಜಿಪ್ಟ್, ಪೆರು ಮುಂತಾದೆಡೆಗಳ 137 ಪ್ರಾಚೀನ ಮಮ್ಮಿಗಳನ್ನು ಸಿ.ಟಿ.ಗೆ ಒಳಪಡಿಸಿದಾಗ 47ರಲ್ಲಿ ಧಮನಿ ಗಡಸುಗೊಂಡ ಕುರುಹುಗಳು ಕಂಡುಬಂದವು. ಈ ರೋಗವು ಕೇವಲ ಆಧುನಿಕತೆಯ ಫಲ ಎಂಬ ಭಾವನೆ ಇದರಿಂದ ಸಡಿಲವಾಯಿತು. ಇನ್ನೊಂದೆಡೆ, ಬೊಲಿವಿಯಾದ ಕಾಡಿನಲ್ಲಿ ಬೇಟೆ, ಮೀನುಗಾರಿಕೆ ಮತ್ತು ಅಲ್ಪ ಬೇಸಾಯದಿಂದ ಬದುಕುವ ತ್ಸಿಮಾನೆ ಜನರಲ್ಲಿ 705 ಮಂದಿಯನ್ನು ಪರೀಕ್ಷಿಸಿದಾಗ ಶೇ. 85ರಷ್ಟು ಜನರ ಅಂಕ ಸೊನ್ನೆಯಾಗಿತ್ತೆಂದು 2017ರಲ್ಲಿ ವರದಿಯಾಯಿತು. ರೋಗದ ಬೀಜ ಪ್ರಾಚೀನವಾದುದು, ಅದರ ಬೆಳೆ ಜೀವನಕ್ರಮವನ್ನು ಅವಲಂಬಿಸಿದುದು ಎಂಬುದನ್ನು ಈ ಎರಡು ನಿದರ್ಶನಗಳು ಒಟ್ಟಾಗಿ ಸೂಚಿಸುತ್ತವೆ.

ಬಳ್ಳಾರಿ ಪ್ರದೇಶದಲ್ಲಿ ಜೀವನಕ್ರಮದ ಪಲ್ಲಟವನ್ನು ಗುರುತಿಸಲು ಸಾಕಷ್ಟು ಆಧಾರಗಳಿವೆ. ಬಳ್ಳಾರಿಗೆ ಸಮೀಪದ ಸಂಗನಕಲ್ಲು ಮತ್ತು ಸಿರುಗುಪ್ಪ ತಾಲ್ಲೂಕಿನ ತೆಕ್ಕಲಕೋಟೆಯ ನವಶಿಲಾಯುಗದ ನೆಲೆಗಳಲ್ಲಿ ದೊರೆತ ಸುಟ್ಟ ಧಾನ್ಯಗಳ ಅಧ್ಯಯನದಿಂದ ಕೊರಲೆ ಮೊದಲಾದ ಕಿರುಧಾನ್ಯಗಳು, ಹುರುಳಿ ಮತ್ತು ಹೆಸರುಗಳು ಇಲ್ಲಿನ ಆದಿಮ ಬೇಸಾಯದ ಆಧಾರವಾಗಿದ್ದವೆಂದು ತಿಳಿದುಬಂದಿದೆ. ಕಪ್ಪು ಎರೆಭೂಮಿಯ ಜೋಳ, ನವಣೆ, ಹತ್ತಿಗಳ ಮಳೆಯಾಶ್ರಿತ ಕೃಷಿಯು ಇಪ್ಪತ್ತನೆಯ ಶತಮಾನದ ಮಧ್ಯಭಾಗದವರೆಗೂ ಮುಂದುವರಿಯಿತು. 1953ರಲ್ಲಿ ತುಂಗಭದ್ರಾ ಅಣೆಕಟ್ಟಿನ ಕಾಲುವೆಗಳಿಗೆ ನೀರು ಹರಿಯಿತು. ಅದೇ ವರ್ಷದ ಅಕ್ಟೋಬರ್ 1ರಂದು ಬಳ್ಳಾರಿಯು ಮದರಾಸು ಪ್ರಾಂತದಿಂದ ಬಂದು ಮೈಸೂರು ರಾಜ್ಯವನ್ನು ಸೇರಿತು. ಬಲದಂಡೆಯ ಕಾಲುವೆಗಳಿಂದ ಸಿರುಗುಪ್ಪ, ಕುರುಗೋಡು ಭಾಗಗಳು ಬತ್ತದ ಬಯಲಾದವು. ಅಕ್ಕಿ ಗಿರಣಿಗಳು ಎದ್ದವು. ರೊಟ್ಟಿಯ ಜಾಗವನ್ನು ಅನ್ನ ಆಕ್ರಮಿಸಿತು. ನಾಟಿ, ಕಟಾವುಗಳ ಮೈಮುರಿವ ದುಡಿಮೆಯನ್ನು ಟ್ರ್ಯಾಕ್ಟರು ಮತ್ತು ಕಟಾವು ಯಂತ್ರಗಳು ಹಂತಹಂತವಾಗಿ ಕಡಿಮೆ ಮಾಡಿದವು. ಬಳ್ಳಾರಿ ನಗರದಲ್ಲಿ ಜೀನ್ಸ್ ಹೊಲಿಗೆಯ ಘಟಕಗಳು, ಸುತ್ತಮುತ್ತ ಗಣಿ ಮತ್ತು ಉಕ್ಕಿನ ಉದ್ಯಮಗಳು ಬೆಳೆದವು.

ಅಕ್ಕಿಯೊಂದನ್ನೇ ಹೃದಯರೋಗಕ್ಕೆ ಕಾರಣವೆನ್ನುವುದು ಇತಿಹಾಸದ ಸರಳೀಕರಣವಾದೀತು. ಬೀಡಿ, ಸಿಗರೇಟು, ತಂಬಾಕು, ಕುಳಿತು ಮಾಡುವ ದುಡಿಮೆ, ನಿದ್ರೆಗೇಡು, ಸಕ್ಕರೆ ಕಾಯಿಲೆ, ಅಳೆಯದೆ ಉಳಿದ ರಕ್ತದೊತ್ತಡ ಇವೆಲ್ಲವೂ ಈ ಪಲ್ಲಟದ ಅಂಗಗಳೇ. 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಭಾರತದ ವಯಸ್ಕರಲ್ಲಿ ಶೇ. 11.4 ಮಂದಿಗೆ ಮಧುಮೇಹವೂ ಶೇ. 35.5 ಮಂದಿಗೆ ಅಧಿಕ ರಕ್ತದೊತ್ತಡವೂ ಇವೆ. ದೇಶದ ಒಟ್ಟು ಮರಣಗಳಲ್ಲಿ ಹೃದಯ ಮತ್ತು ರಕ್ತನಾಳಗಳ ರೋಗಗಳ ಪಾಲು 1990ರಲ್ಲಿ ಶೇ. 15.2 ಇದ್ದುದು 2016ರ ಹೊತ್ತಿಗೆ ಶೇ. 28.1ಕ್ಕೆ ಏರಿತು. ಗಾಳಿಯಲ್ಲಿನ ಸೂಕ್ಷ್ಮ ಕಣಗಳ ಪ್ರಮಾಣ ಹೆಚ್ಚಾದಂತೆ ಪರಿಧಮನಿಯ ಸುಣ್ಣದಂಶವೂ ವೇಗವಾಗಿ ಬೆಳೆಯುತ್ತದೆಂದು ಮೆಸಾ ಅಧ್ಯಯನದ ವಾಯುಮಾಲಿನ್ಯ ವಿಭಾಗವು 2016ರಲ್ಲಿ ತೋರಿಸಿತು. ಗಣಿ, ಕುಲುಮೆಗಳ ದೂಳನ್ನು ದಿನನಿತ್ಯ ಉಸಿರಾಡುವ ಪ್ರದೇಶಕ್ಕೆ ಈ ಫಲಿತಾಂಶವು ಅಮೆರಿಕದ ನಗರಗಳಿಗಿಂತ ಹೆಚ್ಚು ಪ್ರಸ್ತುತವಾದುದು.

ಚಿತ್ರ ಮತ್ತು ಹಳ್ಳಿ: ಕ್ಷಯರೋಗದ ಚರಿತ್ರೆಯ ಪಾಠ

ಎದೆಯೊಳಗಣ ರೋಗವನ್ನು ಚಿತ್ರದಿಂದ ಕಾಣುವ ಪ್ರಯತ್ನ ಬಳ್ಳಾರಿಗೆ ಹೊಸತಲ್ಲ. ಕೌಲ್ ಬಜಾರಿನ ವೆಲ್ಲೆಸ್ಲಿ ಕ್ಷಯರೋಗ ಆಸ್ಪತ್ರೆಯು ಈ ನಗರದ ಹಳೆಯ ಆರೋಗ್ಯ ಸಂಸ್ಥೆಗಳಲ್ಲೊಂದು. ಕ್ಷಯರೋಗದ ಕಾಲದಲ್ಲಿ ಎದೆಯ ಕ್ಷ-ಕಿರಣ ಚಿತ್ರವೇ ಪತ್ತೆಯ ಮುಖ್ಯ ಸಾಧನವಾಗಿತ್ತು. ಸ್ವಾತಂತ್ರ್ಯಾನಂತರ ಹಳ್ಳಿಹಳ್ಳಿಗೂ ಎಕ್ಸ್‌ರೇ ವಾಹನಗಳನ್ನು ಒಯ್ದು ಸಾಮೂಹಿಕ ತಪಾಸಣೆ ನಡೆಸಬೇಕೆಂಬ ಆಲೋಚನೆಯೂ ಪ್ರಬಲವಾಗಿದ್ದಿತು.

ಈ ಆಲೋಚನೆಯನ್ನು ಬದಲಿಸಿದ ಅಧ್ಯಯನವು ಕರ್ನಾಟಕದ ನೆಲದಲ್ಲೇ ನಡೆದುದು ಎಂಬುದು ಗಮನಾರ್ಹ. 1959ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ನಡೆಸಿ 1963ರಲ್ಲಿ ಪ್ರಕಟಿಸಿದ ಸಮಾಜಶಾಸ್ತ್ರೀಯ ಅಧ್ಯಯನವು, ಕ್ಷಯರೋಗಿಗಳಲ್ಲಿ ಬಹುಮಂದಿಗೆ ತಮ್ಮ ಲಕ್ಷಣಗಳ ಅರಿವಿತ್ತೆಂದೂ, ಅರ್ಧದಷ್ಟು ಮಂದಿ ಆಗಲೇ ಹತ್ತಿರದ ಆಸ್ಪತ್ರೆಗೆ ಹೋಗಿದ್ದರೆಂದೂ ತೋರಿಸಿತು. ಅಲ್ಲಿ ಅವರಿಗೆ ದೊರೆತುದು ಕೆಮ್ಮಿನ ಔಷಧಿ ಮಾತ್ರ. ಕೊರತೆಯಿದ್ದುದು ರೋಗಿಯ ಅರಿವಿನಲ್ಲಲ್ಲ, ಅವನು ಹೋದ ಆಸ್ಪತ್ರೆಯಲ್ಲಿ. ಇದರ ಫಲವಾಗಿ ರಾಷ್ಟ್ರೀಯ ಕ್ಷಯರೋಗ ಕಾರ್ಯಕ್ರಮವು ಎಕ್ಸ್‌ರೇ ಸಮೀಕ್ಷೆಗೆ ಬದಲಾಗಿ, ಕೆಮ್ಮಿನೊಂದಿಗೆ ಬಂದವರ ಕಫವನ್ನು ಹತ್ತಿರದ ಆಸ್ಪತ್ರೆಯಲ್ಲೇ ಪರೀಕ್ಷಿಸುವ ಕ್ರಮವನ್ನು ಅಳವಡಿಸಿಕೊಂಡಿತು. ಎಕ್ಸ್‌ರೇ ಕೈಬಿಟ್ಟುಹೋಗಲಿಲ್ಲ; ಅದು ತನ್ನ ಸರದಿಗಾಗಿ ಎರಡನೆಯ ಮೆಟ್ಟಿಲಿನಲ್ಲಿ ನಿಂತಿತು.

ಹೃದಯರೋಗದಲ್ಲಿಯೂ ಇಂಥದೇ ಸನ್ನಿವೇಶ ಎದುರಾಗುತ್ತದೆ. ಎದೆ ಬಿಗಿದು ಬೆವರಿದ ವ್ಯಕ್ತಿ 'ಗ್ಯಾಸ್ ತುಂಬಿದೆ' ಎಂದು ಸೋಡಾ ಕುಡಿದು, ಔಷಧಿ ಅಂಗಡಿಯ ಮಾತ್ರೆ ನುಂಗಿ ಮಲಗುವುದು ಈ ಸೀಮೆಯಲ್ಲಿ ಅಪರೂಪವಲ್ಲ. ಅವನು ಹತ್ತಿರದ ಆಸ್ಪತ್ರೆಗೆ ಬಂದಾಗ ಅಲ್ಲಿ ಇ.ಸಿ.ಜಿ. ತೆಗೆದು ಓದುವ ವ್ಯವಸ್ಥೆ ಇಲ್ಲದಿದ್ದರೆ, ನಗರದಲ್ಲಿ ಎಷ್ಟು ಸ್ಲೈಸಿನ ಯಂತ್ರವಿದ್ದರೂ ಅವನಿಗೆ ಪ್ರಯೋಜನವಿಲ್ಲ. ಹೃದಯಾಘಾತ ನಡೆಯುತ್ತಿರುವಾಗ ಬೇಕಾದುದು ಇ.ಸಿ.ಜಿ. ಮತ್ತು ಹೆಪ್ಪನ್ನು ಕರಗಿಸುವ ಔಷಧಿ, ಸಿ.ಟಿ.ಯ ಕಾಲ ಅದಲ್ಲ.

ಸಂಸ್ಥೆಗಳ ಬೆಳವಣಿಗೆ

ಬಳ್ಳಾರಿಯಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು 1961ರಲ್ಲಿ ಆರಂಭವಾಯಿತು. ಮುಂದೆ ವಿಜಯನಗರ ವೈದ್ಯಕೀಯ ವಿಜ್ಞಾನ ಸಂಸ್ಥೆ, ಅಂದರೆ ವಿಮ್ಸ್, ಎಂಬ ಹೆಸರಿನಿಂದ ಪರಿಚಿತವಾದ ಇದು ಈಗ ಬಳ್ಳಾರಿ ವೈದ್ಯಕೀಯ ಕಾಲೇಜು ಮತ್ತು ಸಂಶೋಧನಾ ಕೇಂದ್ರವಾಗಿದೆ. ಆದರೂ ಹೃದಯದ ವಿಶೇಷ ಚಿಕಿತ್ಸೆಗಾಗಿ ಮುನ್ನೂರು ಕಿ.ಮೀ. ದೂರದ ಬೆಂಗಳೂರಿನ ಹಾದಿ ಹಿಡಿಯುವುದು ಬಹುಕಾಲ ಈ ಭಾಗದವರಿಗೆ ಅನಿವಾರ್ಯವಾಗಿತ್ತು. ಜಯದೇವ ಹೃದ್ರೋಗ ಸಂಸ್ಥೆಯ ಶಾಖೆಯು 2016ರಲ್ಲಿ ಕಲಬುರಗಿಯಲ್ಲಿ ಆರಂಭವಾಗಿ, 2024ರ ಡಿಸೆಂಬರಿನಲ್ಲಿ ಅದರ ಹೊಸ ಕಟ್ಟಡ ಉದ್ಘಾಟನೆಗೊಂಡಿತು.

ಚಿಕಿತ್ಸೆಯ ವೆಚ್ಚದ ವಿಷಯದಲ್ಲಿ 2010ರಲ್ಲಿ ಆರಂಭವಾದ ವಾಜಪೇಯಿ ಆರೋಗ್ಯಶ್ರೀ ಯೋಜನೆ ಉಲ್ಲೇಖಾರ್ಹ. ಬಡ ಕುಟುಂಬಗಳಿಗೆ ಹೃದಯ, ಕ್ಯಾನ್ಸರ್ ಮೊದಲಾದವುಗಳ ಉನ್ನತ ಚಿಕಿತ್ಸೆಯನ್ನು ಉಚಿತವಾಗಿ ಒದಗಿಸಿದ ಈ ಯೋಜನೆ ಮೊದಲು ಜಾರಿಗೆ ಬಂದುದು ರಾಜ್ಯದ ಉತ್ತರ ಭಾಗದಲ್ಲಿ, ಬಳ್ಳಾರಿಯೂ ಅದರೊಳಗಿತ್ತು. ಯೋಜನೆ ಇದ್ದ 300 ಹಳ್ಳಿಗಳನ್ನು ಇಲ್ಲದ 272 ಹಳ್ಳಿಗಳೊಂದಿಗೆ ಹೋಲಿಸಿ 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಯೋಜನೆಗೆ ಒಳಪಟ್ಟ ರೋಗಗಳಿಂದಾಗುವ ಮರಣವು ಬಡ ಕುಟುಂಬಗಳಲ್ಲಿ ಶೇ. 64ರಷ್ಟು ಕಡಿಮೆಯಿದ್ದುದು ಕಂಡುಬಂದಿತು. ಹಣದ ಅಡ್ಡಿ ನಿವಾರಣೆಯಾದರೆ ಹಳ್ಳಿಯ ರೋಗಿ ಚಿಕಿತ್ಸೆಗೆ ಬಂದೇ ಬರುತ್ತಾನೆ ಎಂಬುದಕ್ಕೆ ಇದು ಸಾಕ್ಷಿ. ಆದರೆ ಇಂಥ ಯೋಜನೆಗಳ ಸ್ವರೂಪವೇ ರೋಗ ಬಲಿತ ಮೇಲಿನ ಚಿಕಿತ್ಸೆಯದು. ರೋಗ ಬಲಿಯುವುದಕ್ಕೆ ಮುಂಚಿನ ಅಪಾಯ ನಿರ್ಣಯದ ವೆಚ್ಚ ಬಹುಪಾಲು ವ್ಯಕ್ತಿಯ ಕಿಸೆಯದೇ.

2021ರ ಅಕ್ಟೋಬರ್ 29ರಂದು ಚಿತ್ರನಟ ಪುನೀತ್ ರಾಜ್‌ಕುಮಾರ್ 46ನೆಯ ವಯಸ್ಸಿನಲ್ಲಿ ನಿಧನರಾದಾಗ ರಾಜ್ಯದ ಆಸ್ಪತ್ರೆಗಳ ಮುಂದೆ ಹೃದಯ ತಪಾಸಣೆಗಾಗಿ ಜನ ಸಾಲುಗಟ್ಟಿದರು. 2025ರಲ್ಲಿ ಹಾಸನ ಜಿಲ್ಲೆಯ ಹಠಾತ್ ಮರಣಗಳ ಸುದ್ದಿ ಹರಡಿದಾಗಲೂ ಇದೇ ಪುನರಾವರ್ತನೆಗೊಂಡಿತು. ಭೀತಿಯಿಂದ ಹುಟ್ಟಿದ ತಪಾಸಣೆಯು ಹಣವಿರುವ, ಅಪಾಯ ಕಡಿಮೆಯಿರುವ ನಗರವಾಸಿಯನ್ನು ಯಂತ್ರದ ಬಳಿಗೆ ತರುತ್ತದೆ. ಅಪಾಯ ಹೆಚ್ಚಿರುವ ಕೂಲಿಕಾರ ಹೊರಗುಳಿಯುತ್ತಾನೆ. 2023ರಲ್ಲಿ ಪುನೀತ್ ಅವರ ಹೆಸರಿನಲ್ಲಿ ಆರಂಭವಾದ ಹೃದಯ ಜ್ಯೋತಿ ಯೋಜನೆಯು ಬೇರೆ ದಾರಿಯನ್ನು ಹಿಡಿಯಿತು. ತಾಲ್ಲೂಕು ಮತ್ತು ಜಿಲ್ಲಾ ಆಸ್ಪತ್ರೆಗಳಲ್ಲಿ ತೆಗೆದ ಇ.ಸಿ.ಜಿ.ಯನ್ನು ದೂರದ ಹೃದ್ರೋಗ ಕೇಂದ್ರದಲ್ಲಿ ಓದಿಸಿ, ಹೃದಯಾಘಾತ ಖಚಿತವಾದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಅಲ್ಲಿಯೇ ಉಚಿತವಾಗಿ ನೀಡುವುದು ಇದರ ಕ್ರಮ. ಎಲ್ಲ ತಾಲ್ಲೂಕು ಆಸ್ಪತ್ರೆಗಳಿಗೂ ಇದನ್ನು ವಿಸ್ತರಿಸುವ ತೀರ್ಮಾನ 2025ರಲ್ಲಿ ಪ್ರಕಟವಾಯಿತು. ತುಮಕೂರಿನ ಅಧ್ಯಯನವು ಆರು ದಶಕಗಳ ಹಿಂದೆ ತೋರಿದ ದಾರಿಗೂ ಇದಕ್ಕೂ ಇರುವ ಸಾಮ್ಯ ಸ್ಪಷ್ಟವಾಗಿದೆ.

ಉಪಸಂಹಾರ

ಮೇಲಿನ ವಿವೇಚನೆಯಿಂದ ಬಳ್ಳಾರಿ ಪ್ರದೇಶದಲ್ಲಿ ಅಪಾಯ ನಿರ್ಣಯಕ್ಕೆ ಮೂರು ಮೆಟ್ಟಿಲುಗಳನ್ನು ಗುರುತಿಸಬಹುದಾಗಿದೆ. ಮೊದಲನೆಯದು ಹಳ್ಳಿಯ ಆರೋಗ್ಯ ಕೇಂದ್ರ. ರಕ್ತದೊತ್ತಡದ ಪಟ್ಟಿ, ಸಕ್ಕರೆಯ ಪರೀಕ್ಷೆ, ಸೊಂಟದ ಅಳತೆ, ತಂಬಾಕಿನ ವಿಚಾರಣೆ ಇಷ್ಟರಿಂದಲೇ ಬಹುಮಂದಿಯ ಅಪಾಯ ನಿರ್ಧಾರವಾಗುತ್ತದೆ. ಎರಡನೆಯದು ಸಿರುಗುಪ್ಪ, ಕುರುಗೋಡುಗಳಂಥ ತಾಲ್ಲೂಕು ಕೇಂದ್ರ, ಇಲ್ಲಿ ಇ.ಸಿ.ಜಿ. ಮತ್ತು ಸಕಾಲದ ಚುಚ್ಚುಮದ್ದು ಪ್ರಧಾನ. ಮೂರನೆಯ ಮೆಟ್ಟಿಲು ನಗರದ ಸಿ.ಟಿ. ಯಂತ್ರ. ಎದೆನೋವಿನ ಕಾರಣ ಸಂದಿಗ್ಧವಾಗಿರುವವರು ಮತ್ತು ಮಾತ್ರೆಯ ಅಗತ್ಯ ಅನಿಶ್ಚಿತವಾಗಿರುವ ಮಧ್ಯಮ ಅಪಾಯದವರು ಅದರ ನಿಜವಾದ ಫಲಾನುಭವಿಗಳು. ಮೂತ್ರಪಿಂಡ ದುರ್ಬಲವಾದವರಿಗೆ ವರ್ಣದ್ರವ ಕೊಡುವಲ್ಲಿ ಎಚ್ಚರಿಕೆ ಬೇಕು. ಹೃದಯದ ಚಿತ್ರದೊಂದಿಗೆ ಶ್ವಾಸಕೋಶದ ಭಾಗವೂ ಕಾಣುವುದರಿಂದ, ಕ್ಷಯದ ಹಳೆಯ ಗಾಯಗಳು ಮತ್ತು ಗಣಿದೂಳಿನ ಕುರುಹುಗಳು ಎದುರಾಗುವ ಈ ಭಾಗದಲ್ಲಿ ಅವನ್ನು ಸರಿಯಾಗಿ ಓದಬಲ್ಲ ವಿಕಿರಣ ತಜ್ಞರೂ ಬೇಕು.

ಸಂಶೋಧನೆಯ ದೃಷ್ಟಿಯಿಂದ ಹೇಳುವುದಾದರೆ, ಕ್ಯಾಲ್ಸಿಯಂ ಅಂಕದ ಅರ್ಥವನ್ನು ನಿರ್ಧರಿಸಿದ ದೊಡ್ಡ ಅಧ್ಯಯನಗಳು ಅಮೆರಿಕ, ಯುರೋಪುಗಳ ನಗರಗಳಲ್ಲಿ ನಡೆದಿವೆ. ಗದ್ದೆಯ ಕೂಲಿ, ಗಿರಣಿಯ ಹಮಾಲಿ, ಜೀನ್ಸ್ ಹೊಲಿಯುವ ಹೆಣ್ಣುಮಗಳು, ಕುಲುಮೆಯ ಕಾರ್ಮಿಕ ಇವರನ್ನೊಳಗೊಂಡು, ದೀರ್ಘಕಾಲ ಹಿಂಬಾಲಿಸುವ ಅಧ್ಯಯನಕ್ಕೆ ಬಳ್ಳಾರಿ ಪ್ರದೇಶವು ಯೋಗ್ಯವಾದ ನೆಲೆ. ವೈದ್ಯಕೀಯ ಕಾಲೇಜು, ವಿಶ್ವವಿದ್ಯಾಲಯ ಮತ್ತು ತಾಲ್ಲೂಕು ಆಸ್ಪತ್ರೆಗಳು ಒಂದೇ ಜಿಲ್ಲೆಯಲ್ಲಿರುವುದು ಇದಕ್ಕೆ ಅನುಕೂಲವಾದ ಅಂಶ. ಜೆನ್ನರನ ಕತ್ತಿಗೆ ತಗುಲಿದ ಸುಣ್ಣವನ್ನು ಬದುಕಿರುವ ಹೃದಯದಲ್ಲಿ ಕಾಣಲು ಎರಡು ಶತಮಾನಗಳು ಬೇಕಾದವು. ಹಾಗೆ ಕಂಡುದು ಸಿರುಗುಪ್ಪ, ಕುರುಗೋಡುಗಳ ದುಡಿಯುವ ಜನರ ವಿಷಯದಲ್ಲಿ ಏನನ್ನು ಹೇಳುತ್ತದೆ ಎಂಬುದನ್ನು ಅವರ ನಡುವೆಯೇ ಅಳೆದು ನಿರ್ಣಯಿಸಿದಾಗ ಮಾತ್ರ ಈ ತಂತ್ರಜ್ಞಾನದ ಚರಿತ್ರೆಯು ಈ ನೆಲದ ಚರಿತ್ರೆಯೂ ಆಗುತ್ತದೆ.